ಮಳೆಗಾಲ ಕಾಣದ ಆಡಳಿತ

ಬ್ರಿಟಿಷ್ ಆಳ್ವಿಕೆಯಲ್ಲಿ ಕಡಲಾಚೆಯಿಂದ ಬಂದು ಭಾರತದಲ್ಲಿ ನೌಕರಿ ಮಾಡಿದ ಹಿರಿಯ ಅಧಿಕಾರಿಗಳಿಗೆ ಊರಿಗೆ ಹೋಗಿಬರಲು ವೇತನಸಹಿತ ದೀರ್ಘ ರಜೆಯ ಹಕ್ಕಿತ್ತು. ಕಚೇರಿಯ ಭಾಷೆಯಲ್ಲಿ ಇದಕ್ಕೆ ಫರ್ಲೋ ಎಂದು ಹೆಸರು. ಆಳ್ವಿಕೆಯ ಕೊನೆಯ ಕಾಲು ಶತಮಾನದಲ್ಲಿ ಹಡಗಿನ ಟಿಕೆಟ್ಟಿನ ಖರ್ಚನ್ನೂ ಸರ್ಕಾರವೇ ಹೊತ್ತಿತು. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ತಾಲೂಕುಗಳಾದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹಳೆಯ ಕಾಲದ ಮಾತು ಬಂದಾಗಲೆಲ್ಲ ಈ ವ್ಯವಸ್ಥೆಯ ಸುತ್ತ ಒಂದು ಗೌರವದ ಚಿತ್ರ ಎದ್ದು ನಿಲ್ಲುತ್ತದೆ. ಸಾಹೇಬ ಎಂದರೆ ಕುದುರೆಯೇರಿ ಊರೂರು ಸುತ್ತಿದವ, ಡೇರೆ ಹೊಡೆದು ಅಹವಾಲು ಕೇಳಿದವ, ಕಾಡುಜ್ವರಕ್ಕೂ ಅಂಜದೆ ದುಡಿದವ. ವರ್ಷಗಟ್ಟಲೆ ದುಡಿದ ಮೇಲೆ ಒಮ್ಮೆ ತಾಯ್ನಾಡಿಗೆ ಹೋಗಿಬಂದರೆ ಅದು ಅವನ ತ್ಯಾಗಕ್ಕೆ ಸಂದ ಅಲ್ಪ ಪ್ರತಿಫಲ ಎಂಬುದು ಈ ಚಿತ್ರದ ತಾತ್ಪರ್ಯ. ಇಂದಿನ ಅಧಿಕಾರಿಗಳನ್ನು ಹಳಿಯುವವರೂ ಇದೇ ಚಿತ್ರವನ್ನು ಅಳತೆಗೋಲಾಗಿ ಹಿಡಿಯುತ್ತಾರೆ.

ಈ ಚಿತ್ರ ತಪ್ಪು. ಜ್ವರವೂ ಸುಳ್ಳಲ್ಲ, ದೂರವೂ ಸುಳ್ಳಲ್ಲ. ಆದರೆ ರಜೆಯ ನಿಯಮ ಹುಟ್ಟಿ ಬೆಳೆದದ್ದು ಜ್ವರ ಮತ್ತು ದೂರಗಳ ಲೆಕ್ಕದ ಮೇಲಲ್ಲ. ಅಧಿಕಾರಿಯ ಮನೆ ಬೇರೆಲ್ಲೋ ಇದೆ, ಅವನು ಇಲ್ಲಿರುವುದು ಅಲ್ಲಿಗೆ ಮರಳುವುದಕ್ಕಾಗಿ ಎಂಬ ತತ್ತ್ವವನ್ನು ಅದು ಕಾಯಿದೆಯಾಗಿ ಬರೆದಿಟ್ಟಿತು. ಇದರ ಪರಿಣಾಮ ಎಲ್ಲ ಜಿಲ್ಲೆಗಳ ಮೇಲೂ ಆಯಿತು. ಮಲೆನಾಡಿನ ಮೇಲೆ ಮಾತ್ರ ಅದು ವಿಶೇಷವಾಗಿ ಕ್ರೂರವಾಯಿತು, ಏಕೆಂದರೆ ಮಲೆನಾಡಿನ ಬದುಕು ನಿಂತಿರುವುದು ಯಾವ ಋತುವಿನ ಮೇಲೋ ಆ ಋತುವನ್ನೇ ಈ ವ್ಯವಸ್ಥೆ ಆಡಳಿತದ ಕಣ್ಣಿನಿಂದ ಮರೆಮಾಡಿತು.

ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದ ಆರಂಭಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಹಡಗು ಆಫ್ರಿಕದ ತುದಿಯನ್ನು ಬಳಸಿ ಹೋಗುತ್ತಿದ್ದಾಗ ಒಂದು ದಿಕ್ಕಿನ ಪ್ರಯಾಣಕ್ಕೇ ನಾಲ್ಕರಿಂದ ಆರು ತಿಂಗಳು ಬೇಕಾಗುತ್ತಿತ್ತು. ಹೋಗಿಬರುವುದರಲ್ಲೇ ಹೆಚ್ಚುಕಡಿಮೆ ಒಂದು ವರ್ಷ ಕಳೆಯುತ್ತಿದ್ದ ಆ ಕಾಲದಲ್ಲಿ ರಜೆ ಅಪರೂಪವಾಗಿತ್ತು. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ, ಇಂದಿನ ಉತ್ತರ ಕನ್ನಡವೂ ಸೇರಿದ್ದ ಕೆನರಾ ಕಂಪನಿಯ ಕೈಸೇರಿತು. ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನು ಮದ್ರಾಸಿನಲ್ಲಿ ಇಳಿದದ್ದು 1780ರಲ್ಲಿ, ಮೊದಲ ಬಾರಿ ತಾಯ್ನಾಡಿಗೆ ಹೊರಟದ್ದು 1807ರಲ್ಲಿ. ನಡುವೆ 27 ವರ್ಷ. ಕಷ್ಟಕ್ಕೆ ತಕ್ಕ ರಜೆ ಎಂಬ ವಾದ ನಿಜವಾಗಿದ್ದರೆ ಅತಿ ಹೆಚ್ಚು ರಜೆ ಸಿಗಬೇಕಾಗಿದ್ದು ಈ ತಲೆಮಾರಿಗೆ. ಸಿಕ್ಕಿದ್ದು ಅತಿ ಕಡಿಮೆ.

ಮನ್ರೋನ ವಿಷಯದಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಭಾರತದಲ್ಲಿ 27 ವರ್ಷ ಎಡೆಬಿಡದೆ ಇದ್ದ ಈ ಮನುಷ್ಯ ಕೆನರಾದಲ್ಲಿ ಎರಡು ವರ್ಷವೂ ನಿಲ್ಲಲಿಲ್ಲ. ಇಲ್ಲಿಯ ಮಳೆ ಅವನಿಗೆ ಒಗ್ಗಲಿಲ್ಲ. ಬೇರೆಡೆಗೆ ಕಳುಹಿಸಿರೆಂದು ಮೇಲಿನವರನ್ನು ಕೇಳಿಕೊಂಡು 1800ರ ಕೊನೆಯ ಹೊತ್ತಿಗೆ ಬಳ್ಳಾರಿ, ಕಡಪಗಳ ದತ್ತ ಮಂಡಲಕ್ಕೆ ಹೊರಟುಹೋದ. ಅಷ್ಟು ಅಲ್ಪ ಅವಧಿಯಲ್ಲಿ ಅವನು ಬರೆದ ವರದಿಗಳು ಮುಂದೆ ಹಲವು ದಶಕಗಳ ಕಾಲ ಕೆನರಾದ ಭೂಹಿಡುವಳಿಯ ಬಗ್ಗೆ ಪ್ರಮಾಣ ಗ್ರಂಥಗಳಂತೆ ಬಳಕೆಯಾದವು. ಅವನ ಬುದ್ಧಿಶಕ್ತಿ ದೊಡ್ಡದು, ಅನುಮಾನವಿಲ್ಲ. ಹಾಗಿದ್ದರೂ ಈ ನೆಲವನ್ನು ಬೇಗ ಬಿಟ್ಟುಹೋದವನ ಬರಹವೇ ಈ ನೆಲದ ಬಗ್ಗೆ ಕೊನೆಯ ಮಾತಾಗುವ ಪದ್ಧತಿ ಮೊದಲ ಕಲೆಕ್ಟರನಿಂದಲೇ ಶುರುವಾಯಿತು.

ಉಗಿಹಡಗು ಬಂದ ಮೇಲೆ ಚಿತ್ರ ಬದಲಾಯಿತು. 1830ರ ಮಾರ್ಚ್ 20ರಂದು ಮುಂಬೈ ಬಿಟ್ಟ ಹ್ಯೂ ಲಿಂಡ್ಸೆ ಎಂಬ ಉಗಿಹಡಗು ಏಪ್ರಿಲ್ 22ರಂದು ಸೂಯೆಜ್ ತಲುಪಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಇಟಲಿಯ ಬ್ರಿಂಡಿಸಿ ಬಂದರಿನ ಮೂಲಕ ಲಂಡನ್ನಿನ ಟಪಾಲು ಸುಮಾರು ಎರಡು ವಾರದಲ್ಲಿ ಮುಂಬೈಗೆ ಬರತೊಡಗಿತು. ಘಟ್ಟದ ಮೇಲಿನ ದಾರಿಯೂ ಹಾಗೆಯೇ ಸುಧಾರಿಸಿತು. ಮೊದಲು ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋಗಿ, ಯಲ್ಲಾಪುರದಿಂದಾದರೆ ಅರಬೈಲ್ ಘಟ್ಟ ಇಳಿದು ಅಂಕೋಲಾ, ಕಾರವಾರದ ಕಡೆ ಹೋಗಿ ಕರಾವಳಿಯ ಹಡಗು ಹಿಡಿಯಬೇಕಾಗಿತ್ತು. ಮಳೆಗಾಲದಲ್ಲಿ ಆ ಹಡಗೂ ಇರುತ್ತಿರಲಿಲ್ಲ. 1880ರ ದಶಕದ ಕೊನೆಯಲ್ಲಿ ಹುಬ್ಬಳ್ಳಿಗೂ ಲೋಂಡಾಕ್ಕೂ ರೈಲು ಬಂದ ಮೇಲೆ ಬಯಲುಸೀಮೆಯ ಕಡೆ ಎತ್ತಿನ ಗಾಡಿಯಲ್ಲಿ ಹೊರಟವನು ಸರಾಗವಾಗಿ ಪುಣೆ, ಮುಂಬೈ ತಲುಪುವಂತಾಯಿತು. ಪ್ರಯಾಣ ಸುಲಭವಾದಂತೆ ರಜೆ ಕಡಿಮೆಯಾಗಬೇಕಾಗಿತ್ತು, ಅದು ತ್ಯಾಗದ ಪ್ರತಿಫಲವೇ ಆಗಿದ್ದರೆ. ನಡೆದದ್ದು ತದ್ವಿರುದ್ಧ. ದೂರ ಕುಗ್ಗಿದಂತೆ ನಿಯಮ ಹಿಗ್ಗಿತು, ಹೋಗಿಬರುವ ಸರದಿ ಹೆಚ್ಚಿತು.

ನಿಯಮಗಳ ಒಡಲಲ್ಲೇ ಇದಕ್ಕೆ ಸಾಕ್ಷಿಯಿದೆ. ಇಂಡಿಯನ್ ಸಿವಿಲ್ ಸರ್ವಿಸಿನ ಅಧಿಕಾರಿಗೆ ವರ್ಷಕ್ಕೆ 1,000 ಪೌಂಡಿನ ನಿವೃತ್ತಿ ವೇತನ ಸಿಗಲು 25 ವರ್ಷದ ಸೇವೆ ಬೇಕಿತ್ತು. ಅದರಲ್ಲಿ ನಿಜವಾಗಿ ಕೆಲಸದ ಮೇಲಿರಬೇಕಾದದ್ದು 21 ವರ್ಷ. ಉಳಿದ ನಾಲ್ಕು ವರ್ಷ ಅವನು ಇಲ್ಲಿರುವುದಿಲ್ಲವೆಂದು ಲೆಕ್ಕ ಮೊದಲೇ ಒಪ್ಪಿಕೊಂಡಿತ್ತು. ಇದಲ್ಲದೆ ಪ್ರಿವಿಲೇಜ್ ರಜೆ ಬೇರೆ, ವೈದ್ಯರ ಸರ್ಟಿಫಿಕೇಟಿನ ಮೇಲಿನ ರಜೆ ಬೇರೆ. ಐರೋಪ್ಯ ಸೇವೆಗಳಿಗೆ ಒಂದು ರಜಾ ನಿಯಮಾವಳಿ, ಭಾರತೀಯ ಸೇವೆಗಳಿಗೆ ಮತ್ತೊಂದು. ಎರಡನೆಯದು ಎಲ್ಲ ರೀತಿಯಿಂದಲೂ ಬಡಕಲು. 1922ರ ಜನವರಿ 1ರಿಂದ ಜಾರಿಗೆ ಬಂದ ಮೂಲ ನಿಯಮಗಳಲ್ಲಿ ಈ ಭೇದವನ್ನು ವಿಶೇಷ ರಜಾ ನಿಯಮ ಮತ್ತು ಸಾಮಾನ್ಯ ರಜಾ ನಿಯಮ ಎಂದು ಹೊಸದಾಗಿ ವಿಂಗಡಿಸಿದರು; ಏಷ್ಯಾದಲ್ಲಿ ಕಾಯಂ ನೆಲೆಯುಳ್ಳವನಿಗೆ ಸಾಮಾನ್ಯ ನಿಯಮವೇ ಗತಿ. ಶಿರಸಿಯ ಮಾಮಲೇದಾರ ಕಚೇರಿಯ ಕಾರಕೂನನೂ ಪ್ರಾಂತ ಸಾಹೇಬನೂ ಒಂದೇ ಮಲೆನಾಡಿನ ಗಾಳಿ ಕುಡಿದವರು, ಒಂದೇ ಸೊಳ್ಳೆಯಿಂದ ಕಚ್ಚಿಸಿಕೊಂಡವರು. ರಜೆ ಕೊಡುವಾಗ ನೋಡಿದ್ದು ಗಾಳಿಯನ್ನೂ ಅಲ್ಲ, ಸೊಳ್ಳೆಯನ್ನೂ ಅಲ್ಲ, ಹುಟ್ಟಿದ ನೆಲೆಯನ್ನು. ಚಪರಾಸಿಯಂಥ ಕೆಳದರ್ಜೆಯವರ ರಜೆಗಂತೂ ಬದಲಿಯವನಿಂದಾಗಿ ಸರ್ಕಾರಕ್ಕೆ ಹೆಚ್ಚಿನ ಖರ್ಚು ಬೀಳಬಾರದೆಂಬ ಷರತ್ತೇ ಇತ್ತು.

ಒಬ್ಬ ಕಲೆಕ್ಟರ್ ಫರ್ಲೋ ಮೇಲೆ ಹೊರಟರೆ ಅವನ ಜಾಗಕ್ಕೆ ಬೇರೆ ಜಿಲ್ಲೆಯಿಂದ ಒಬ್ಬ ಹಂಗಾಮಿಯಾಗಿ ಬರುತ್ತಿದ್ದ. ಅವನ ಜಾಗಕ್ಕೆ ಅವನ ಕೆಳಗಿನವ, ಅವನ ಜಾಗಕ್ಕೆ ಇನ್ನೊಬ್ಬ. ಒಂದು ರಜೆಗೆ ಮೂರು ನಾಲ್ಕು ಕುರ್ಚಿಗಳು ಅಲುಗುತ್ತಿದ್ದವು. ರಜೆ ಮುಗಿಸಿ ಬಂದವನು ಹಳೆಯ ಜಿಲ್ಲೆಗೇ ಮರಳುವನೆಂಬ ಭರವಸೆಯೂ ಇರಲಿಲ್ಲ. ಮುಂಬೈ ಪ್ರಾಂತದ ಪದ್ಧತಿಯಂತೆ ಭೂಕಂದಾಯವನ್ನು 30 ವರ್ಷಕ್ಕೊಮ್ಮೆ ನಿಗದಿ ಮಾಡುತ್ತಿದ್ದರು. ಆ ಮೂವತ್ತು ವರ್ಷ ತೀರ್ವೆ ಕಟ್ಟುವ ರೈತ ಅದೇ ತೋಟದಲ್ಲಿರುತ್ತಿದ್ದ, ನಿಗದಿ ಮಾಡಿದವನು ಎಲ್ಲೋ ಇರುತ್ತಿದ್ದ. ಕಾಡಿನ ವಿಷಯದಲ್ಲೂ ಹೀಗೆಯೇ. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದಾಗ ಅರವತ್ತು ವರ್ಷಗಳ ಕಡತ, ವಾಡಿಕೆ, ಮಾತುಕತೆಗಳ ಸರಣಿ ಒಮ್ಮೆ ಕಡಿದಿತ್ತು. ಅದಾದ ಮೇಲೆ 1878ರ ಅರಣ್ಯ ಕಾಯಿದೆ ಬಂದು ಕಾಡನ್ನು ಕಾದಿಟ್ಟ ಅರಣ್ಯವೆಂದು ಗುರುತು ಹಾಕತೊಡಗಿದಾಗ, ಯಾವ ಊರಿಗೆ ಯಾವ ಬೆಟ್ಟ, ಯಾವ ಕಾನು, ಯಾವ ದಾರಿ ಎಂಬ ತಿಳಿವಳಿಕೆ ಇರಬೇಕಾಗಿದ್ದ ಕುರ್ಚಿಯಲ್ಲಿ ಹೊಸಬನ ಹಿಂದೆ ಹೊಸಬ ಕೂರುತ್ತಿದ್ದ.

ಈ ದೋಷ ಹೊರಗಿನವರ ದೂರು ಮಾತ್ರವಾಗಿರಲಿಲ್ಲ. ಲಾರ್ಡ್ ಕರ್ಜನ್ ವೈಸ್‌ರಾಯ್ ಆಗಿ ಬಂದು ಸುಧಾರಣೆಯ ಹನ್ನೆರಡು ವಿಷಯಗಳನ್ನು ಪಟ್ಟಿ ಮಾಡಿಕೊಂಡಾಗ, ಅಧಿಕಾರಿಗಳ ಪದೇ ಪದೇ ವರ್ಗಾವಣೆಯನ್ನು ತಡೆಯಲು ರಜಾ ನಿಯಮ ತಿದ್ದುವುದು ಅವುಗಳಲ್ಲಿ ಒಂದಾಗಿತ್ತು. ಸಾಮ್ರಾಜ್ಯದ ಬಗ್ಗೆ ಅಷ್ಟು ಅಭಿಮಾನವಿದ್ದ ವೈಸ್‌ರಾಯನೇ ಒಪ್ಪಿಕೊಂಡ ದೋಷವನ್ನು ಇಂದು ಮಲೆನಾಡಿನಲ್ಲಿ ಕುಳಿತು ಗುಣವೆಂದು ಹೊಗಳುವುದು ಸಲ್ಲದು. ಅದಕ್ಕೂ ಮುಂಚೆ ದಾದಾಭಾಯಿ ನವರೋಜಿ ಇನ್ನೂ ಆಳದ ಮಾತು ಹೇಳಿದ್ದರು. ಹಣದ ಸೋರಿಕೆಯ ಜೊತೆಗೆ ನೈತಿಕ ಸೋರಿಕೆಯೊಂದಿದೆ ಎಂಬುದು ಅವರ ವಾದ: ಈ ದೇಶದ ಖರ್ಚಿನಲ್ಲಿ ಗಳಿಸಿದ ಆಡಳಿತದ ಅನುಭವವೆಲ್ಲ ಅಧಿಕಾರಿ ಹೊರಟಾಗ ಅವನೊಂದಿಗೇ ಹಡಗು ಹತ್ತುತ್ತದೆ, ದೇಶಕ್ಕೆ ಉಳಿಯುವುದಿಲ್ಲ.

ಮಲೆನಾಡಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಹಾನಿ ಋತುವಿನದು. ಮುಂಬೈ ಪ್ರಾಂತದ ಕಂದಾಯ ಅಧಿಕಾರಿಗಳ ಸವಾರಿ ಹೊರಡುತ್ತಿದ್ದುದು ಮಳೆ ಹಿಂದಾದ ಮೇಲೆ. ಬೇಸಿಗೆ ಮುಗಿಯುವ ತನಕ ಡೇರೆಯ ವಾಸ, ಮಳೆಗಾಲಕ್ಕೆ ಠಾಣೆಗೆ ವಾಪಸು. ಗವರ್ನರನ ದರ್ಬಾರೇ ಬೇಸಿಗೆಗೆ ಮಹಾಬಳೇಶ್ವರ, ಮಳೆಗಾಲಕ್ಕೆ ಪುಣೆ ಎಂದು ಋತುವಿಗೊಂದು ಊರಿಗೆ ಸ್ಥಳ ಬದಲಿಸುತ್ತಿತ್ತು. ರಜೆಯ ಹಡಗುಗಳ ಲೆಕ್ಕವೂ ಇದಕ್ಕೆ ಸರಿಹೊಂದುತ್ತಿತ್ತು. ಊರಿಗೆ ಹೋಗುವವರ ನೂಕುನುಗ್ಗಲು ಮಾರ್ಚ್, ಏಪ್ರಿಲ್ ತಿಂಗಳಲ್ಲಿ, ಮರಳಿ ಬರುವವರ ನೂಕುನುಗ್ಗಲು ಅಕ್ಟೋಬರ್, ನವೆಂಬರಿನಲ್ಲಿ. ಇಂಗ್ಲೆಂಡಿನ ಬೇಸಿಗೆಯ ಸುಖವೂ ಇಲ್ಲಿಯ ಸೆಕೆ, ಮಳೆಗಳ ತಪ್ಪಿಸುವಿಕೆಯೂ ಒಂದೇ ಟಿಕೆಟ್ಟಿನಲ್ಲಿ ದಕ್ಕುತ್ತಿದ್ದವು. ರಜೆಗೆ ಹೋದವನಿಗೂ ಮಳೆಗಾಲ ಕಾಣಲಿಲ್ಲ, ಠಾಣೆಯಲ್ಲಿ ಉಳಿದವನಿಗೂ ಘಟ್ಟದ ಮೇಲಿನ ಹಳ್ಳಿಯ ಮಳೆಗಾಲ ಕಾಣಲಿಲ್ಲ.

ಬಯಲುಸೀಮೆಯ ಜಿಲ್ಲೆಯಲ್ಲಿ ಇದರಿಂದ ಇಷ್ಟು ಕೆಡುಕಾಗಲಿಕ್ಕಿಲ್ಲ. ಅಲ್ಲಿ ಸುಗ್ಗಿಯ ಹೊತ್ತಿಗೆ ಹೊಲ ನೋಡಿದರೆ ಬೆಳೆಯ ಅಂದಾಜು ಸಿಗುತ್ತದೆ. ವರ್ಷಕ್ಕೆ ನೂರು ಇಂಚಿನ ಆಸುಪಾಸು ಮಳೆ ಬೀಳುವ ಶಿರಸಿಯಲ್ಲಿ, ಅದಕ್ಕಿಂತಲೂ ಹೆಚ್ಚು ಹೊಯ್ಯುವ ಸಿದ್ದಾಪುರದ ಕಡೆ, ವರ್ಷದ ಅಳಿವು ಉಳಿವು ತೀರ್ಮಾನವಾಗುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಡಿಕೆಗೆ ಕೊಳೆ ತಗಲುವುದು ಆಗ. ಮಳೆ ಹಿಡಿಯುವ ಮುಂಚೆ ಮರ ಹತ್ತಿ ಒಂದೊಂದು ಕೊನೆಗೂ ಕೊಟ್ಟೆ ಕಟ್ಟುವುದು, ಮಳೆ ಬಿಟ್ಟು ಹೊಳಪು ಕಂಡ ಗಳಿಗೆಯಲ್ಲಿ ಮತ್ತೆ ಹತ್ತಿ ನೋಡುವುದು, ಜಾರುವ ಮರದಲ್ಲಿ ಜೀವ ಕೈಯಲ್ಲಿ ಹಿಡಿದು ದುಡಿಯುವುದು ಇವೆಲ್ಲ ಆ ನಾಲ್ಕು ತಿಂಗಳ ಕೆಲಸ. ಕೊಳೆ ಬಂದ ವರ್ಷ ಕಾಯಿ ಎಳೆಯದಾಗಿರುವಾಗಲೇ ಉದುರಿ ಮರದ ಬುಡದಲ್ಲಿ ಕೊಳೆಯುತ್ತದೆ. ನವೆಂಬರಿನಲ್ಲಿ ಬಂದ ಅಧಿಕಾರಿಗೆ ಕಾಣುವುದು ಹಸಿರು ತೋಟ, ನೆಟ್ಟಗೆ ನಿಂತ ಮರ, ಹರಿಯುವ ಕಾಲುವೆ. ಇಂಥ ತೋಟದ ಒಡೆಯ ತೀರ್ವೆ ಭಾರವೆಂದರೆ ನಂಬಲು ಅವನಿಗೆ ಕಾರಣವೇ ಇರುವುದಿಲ್ಲ. ಕೊಳೆರೋಗವನ್ನು ಶಾಸ್ತ್ರೀಯವಾಗಿ ಅಭ್ಯಾಸ ಮಾಡಿ 1910ರಲ್ಲಿ ಬರೆದು ಪ್ರಕಟಿಸಿದವರು ಪಕ್ಕದ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್. ಅವರೂ ಕಡಲಾಚೆಯವರೇ, ಕೆನಡಾದವರು. ಮಳೆಗಾಲದ ರೋಗವನ್ನು ಮಳೆಗಾಲದಲ್ಲಿ ಕಂಡವರಿಂದ ಮಾತ್ರ ಮೈಲುತುತ್ತ ಮತ್ತು ಸುಣ್ಣದ ದ್ರಾವಣ ಮಲೆನಾಡಿನ ತೋಟಗಳಿಗೆ ಬರಲು ಸಾಧ್ಯವಾಯಿತು.

ಸೊಪ್ಪಿನ ಬೆಟ್ಟದ ಕಥೆ ಇನ್ನೂ ಸ್ಪಷ್ಟ. ಅಡಿಕೆ ತೋಟಕ್ಕೆ ಗೊಬ್ಬರವಾಗುವುದು ಬೆಟ್ಟದ ಸೊಪ್ಪು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಲೆಕ್ಕ ಬಳಕೆಯಲ್ಲಿದೆ. ಮಳೆಗಾಲದಲ್ಲಿ ಹಸಿ ಸೊಪ್ಪು ಕಡಿದು ಕೊಟ್ಟಿಗೆಗೆ ಹಾಸುತ್ತಾರೆ, ಬೇಸಿಗೆಯಲ್ಲಿ ದರಕು ಗುಡಿಸಿ ತರುತ್ತಾರೆ, ದನದ ಕಾಲಡಿ ತುಳಿದು ಸಗಣಿ ಬೆರೆತದ್ದು ಗೊಬ್ಬರಗುಂಡಿ ಸೇರಿ ತೋಟಕ್ಕೆ ಹೋಗುತ್ತದೆ. ಸೊಪ್ಪು ಕಡಿಯುವವನು ಮರದ ತುದಿಯನ್ನು ಉಳಿಸುತ್ತಾನೆ. ಆ ಮರ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಈ ಚಕ್ರದ ಒಂದೇ ಒಂದು ಮಗ್ಗುಲು, ಟೊಂಗೆ ಸವರಿ ಬೋಳಾದ ಮರ, ಚಳಿಗಾಲದ ಸವಾರಿಯ ಅಧಿಕಾರಿಯ ಕಣ್ಣಿಗೆ ಬೀಳುತ್ತಿತ್ತು. ಚಿಗುರು ಕಾಣದವನಿಗೆ ಕಡಿತ ನಾಶವಾಗಿಯೇ ಕಾಣುತ್ತದೆ. ವಸಾಹತು ಕಾಲದ ಅರಣ್ಯ ಬರಹಗಳಲ್ಲಿ ತೋಟಿಗರು ಮರಗಳನ್ನು ಹಾಳುಗೆಡವುವವರು ಎಂಬ ದೂರು ಮತ್ತೆ ಮತ್ತೆ ಬರುವುದಕ್ಕೆ ಇಲಾಖೆಯ ನಾಟಾ ಆಸೆ ಮುಖ್ಯ ಕಾರಣವಾದರೂ, ಈ ಅರೆಗುರುಡು ಕ್ಯಾಲೆಂಡರಿನ ಪಾಲನ್ನೂ ಅಲ್ಲಗಳೆಯಲಾಗದು. ಕಾಡು ಸುಟ್ಟು ಮಾಡುವ ಕುಮರಿ ಬೇಸಾಯದ ನಿಷೇಧದಲ್ಲೂ ಇದೇ ದೃಷ್ಟಿಯ ನೆರಳಿದೆ. ಸುಟ್ಟ ಬೆಟ್ಟ ಬೇಸಿಗೆಯಲ್ಲಿ ಕಾಣುತ್ತದೆ, ರಾಗಿಯ ಪೈರು ಮಳೆಗಾಲದಲ್ಲಿ.

ಜೋಗದ ದಂಡೆಯಲ್ಲಿ, ಸಿದ್ದಾಪುರ ತಾಲೂಕಿನ ಬದಿಗೆ, ಮುಂಬೈ ಬಂಗಲೆ ಎಂದು ಹೆಸರಾದ ಕಟ್ಟಡವಿದೆ. ಅಧಿಕಾರಿಗಳೂ ಅತಿಥಿಗಳೂ ಅಲ್ಲಿ ತಂಗಿ ಜಲಪಾತ ನೋಡಲು ಪ್ರಶಸ್ತವೆಂದು ಹೇಳಿದ ಕಾಲ ಮಳೆ ಕಳೆದ ಮೇಲಿನದು, ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳು ಬೇರೆಬೇರೆಯಾಗಿ ಎಣಿಕೆಗೆ ಸಿಗುವ ಕಾಲ. ಜುಲೈ ತಿಂಗಳ ಶರಾವತಿ ಮಂಜಿನೊಳಗೆ ಮುಚ್ಚಿಹೋಗಿರುತ್ತದೆ, ಎಣಿಸಲು ಬಾರದು. ಮೂರು ತಾಲೂಕುಗಳನ್ನೂ ಆಡಳಿತ ನೋಡಿದ್ದು ಇದೇ ರೀತಿ, ಎಣಿಕೆಗೆ ಅನುಕೂಲವಾದ ಋತುವಿನಲ್ಲಿ.

ಸವಾರಿಯ ಗುಣಗಾನ ಮಾಡುವವರು ಅದು ಹೊರಡುತ್ತಿದ್ದ ಹೊತ್ತನ್ನೂ ಗಮನಿಸಬೇಕು. ನವೆಂಬರಿನಿಂದ ಫೆಬ್ರುವರಿ ಎಂದರೆ ಅಡಿಕೆಯ ಕೊಯ್ಲು. ಕೊನೆ ಇಳಿಸುವುದು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಮನೆಮಂದಿಗೆಲ್ಲ ಹಗಲಿರುಳು ಕೆಲಸ. ಗದ್ದೆಯ ಕೊಯ್ಲು, ಒಕ್ಕಣೆಗಳೂ ಆಗಲೇ. ಊರಿನ ಗಾಡಿ, ಎತ್ತು, ಆಳುಗಳಿಗೆ ವರ್ಷದಲ್ಲೇ ಅತಿ ಹೆಚ್ಚು ಬೇಡಿಕೆಯಿದ್ದ ಆ ತಿಂಗಳುಗಳಲ್ಲಿ ಸಾಹೇಬನ ಮುಕ್ಕಾಮಿನ ಸಾಮಾನು ಸಾಗಿಸಲು ಅದೇ ಗಾಡಿ, ಅದೇ ಎತ್ತು, ಅದೇ ಆಳು ಬೇಕಾಗುತ್ತಿತ್ತು. ಡೇರೆ, ಮೇಜು, ಕುರ್ಚಿ, ಪೆಟ್ಟಿಗೆ, ಕಡತ, ಅಡುಗೆಯವರು, ಚಪರಾಸಿಗಳು ಎಲ್ಲ ಒಂದು ಮುಕ್ಕಾಮಿನಿಂದ ಇನ್ನೊಂದಕ್ಕೆ ಸಾಗಬೇಕು. ಬಿಟ್ಟಿ ಎಂಬ ಪದ ಮಲೆನಾಡಿನ ಬಾಯಲ್ಲಿ ಇಂದಿಗೂ ಕಹಿಯಾಗಿಯೇ ಉಳಿದಿರುವುದಕ್ಕೆ ಇಂಥ ಸಾಗಾಟದ ಪಾಲೂ ಇದೆ. ಅಹವಾಲು ಹೇಳಲು ಡೇರೆಯ ಮುಂದೆ ನಿಂತವನ ಎತ್ತು ಅದೇ ಡೇರೆಯ ಹಿಂದೆ ಕಟ್ಟಿರುತ್ತಿತ್ತು ಎಂಬುದನ್ನು ಮರೆತರೆ ಸವಾರಿಯ ಚಿತ್ರ ಅರ್ಧವೇ.

ಇನ್ನು ಜ್ವರ. ತ್ಯಾಗದ ವಾದಕ್ಕೆ ಅತಿ ದೊಡ್ಡ ಆಧಾರ ಇದೇ, ಮತ್ತು ಆ ವಾದ ಅತಿ ನಾಚಿಕೆಗೇಡಾಗುವುದೂ ಇಲ್ಲಿಯೇ. ಘಟ್ಟದ ಮೇಲಿನ ಮಲೇರಿಯಾ ಅಧಿಕಾರಿಗಳನ್ನು ಕಾಡಿತು, ಕೊಂದಿತು, ನಿಜ. ಜ್ವರ ಬಂದ ಅಧಿಕಾರಿಗೆ ವೈದ್ಯರ ಸರ್ಟಿಫಿಕೇಟಿತ್ತು, ಹಡಗಿತ್ತು, ತಂಪು ದೇಶದ ಗಾಳಿಯಿತ್ತು. ತೋಟದ ಕೂಲಿಗೆ, ಗದ್ದೆಯ ಒಕ್ಕಲಿಗೆ, ಯಲ್ಲಾಪುರದ ಕಾಡಂಚಿನ ಸಿದ್ದಿಗೆ, ಕುಣಬಿಗೆ, ಗೌಳಿಗೆ ಕಂಬಳಿ ಮತ್ತು ಕಷಾಯ ಇದ್ದವು. 1901ರ ಜನಗಣತಿಯಲ್ಲಿ ಸುಮಾರು 4.54 ಲಕ್ಷವಿದ್ದ ಜಿಲ್ಲೆಯ ಜನಸಂಖ್ಯೆ 1921ರ ಹೊತ್ತಿಗೆ ಸುಮಾರು 4.02 ಲಕ್ಷಕ್ಕೆ ಇಳಿಯಿತು. ಇನ್‌ಫ್ಲುಯೆಂಜಾ, ಪ್ಲೇಗುಗಳೂ ಆ ಇಳಿತದಲ್ಲಿ ಸೇರಿವೆ. ಆದರೂ ಘಟ್ಟದ ಮೇಲೆ ತೋಟಗಳು ಹಾಳುಬಿದ್ದು ಮನೆಗಳು ದೀಪವಿಲ್ಲದೆ ನಿಂತದ್ದಕ್ಕೆ ಜ್ವರವೇ ದೊಡ್ಡ ಕಾರಣವೆಂಬುದು ಅಲ್ಲಿಯ ಜನರ ಅನುಭವ. ಸೊಳ್ಳೆಯೇ ಮಲೇರಿಯಾದ ವಾಹಕವೆಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಕೊಂಡದ್ದು 1897ರಲ್ಲಿ. ಡಿ.ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಕೆನರಾ, ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳಿಗೆ ಡಿಡಿಟಿ ಸಿಂಪಡಣೆ ಆರಂಭವಾದದ್ದು ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ. ಆಳುವವನಿಗೆ ಜ್ವರದಿಂದ ಪಾರಾಗುವ ದಾರಿ ಹಡಗಿನಲ್ಲಿ ಸಿದ್ಧವಾಗಿದ್ದಾಗ, ಜ್ವರವನ್ನೇ ಓಡಿಸುವ ಒತ್ತಾಯ ಅವನ ಮೇಲೆ ಬೀಳುವುದಿಲ್ಲ. ಅಧಿಕಾರಿಯ ಮಕ್ಕಳೂ ಇದೇ ತಾಲೂಕುಗಳಲ್ಲಿ ಹುಟ್ಟಿ ಬೆಳೆದು ಮುದುಕರಾಗಬೇಕಾಗಿದ್ದರೆ ಮಧ್ಯದ ಆ ಅರ್ಧ ಶತಮಾನ ಅಷ್ಟು ನಿಧಾನವಾಗಿ ಕಳೆಯುತ್ತಿರಲಿಲ್ಲ.

ಖರ್ಚಿನ ವಿಷಯಕ್ಕೆ ಬಂದರೆ, ರಜೆಯ ಕಾಲದ ವೇತನ, ನಿವೃತ್ತಿ ವೇತನಗಳ ದೊಡ್ಡ ಭಾಗವನ್ನು ಲಂಡನ್ನಿನಲ್ಲಿ ಪೌಂಡುಗಳಲ್ಲಿ ಕೊಡಬೇಕಾಗಿತ್ತು. ಅದು ಹೋಮ್ ಚಾರ್ಜಸ್ ಎಂಬ ವಾರ್ಷಿಕ ಹೊರೆಯ ಅಂಗ. ಬೆಳ್ಳಿಯ ಬೆಲೆ ಕುಸಿದು ರೂಪಾಯಿಯ ಕಿಮ್ಮತ್ತು ಇಳಿದಾಗ ಆ ನಷ್ಟವನ್ನು ಅಧಿಕಾರಿಯೇ ಪೂರ್ತಿ ಹೊರಬೇಕಾಗಿರಲಿಲ್ಲ. 1893ರಲ್ಲಿ ವಿನಿಮಯ ಪರಿಹಾರ ಭತ್ಯೆ ತಂದು, ಸಂಬಳದ ಅರ್ಧವನ್ನು ಒಂದು ಮಿತಿಯೊಳಗೆ ರೂಪಾಯಿಗೆ 1 ಶಿಲಿಂಗ್ 6 ಪೆನ್ಸ್ ದರದಲ್ಲಿ ಲೆಕ್ಕ ಹಾಕಿ ನಷ್ಟ ತುಂಬಿಕೊಟ್ಟರು. ಅಡಿಕೆಯ ಧಾರಣೆ ಕುಸಿದಾಗ ಶಿರಸಿಯ ತೋಟಿಗನಿಗೆ ಇಂಥ ಯಾವ ಪರಿಹಾರವೂ ಇರಲಿಲ್ಲ. ತೀರ್ವೆ ಅಷ್ಟೇ ಇತ್ತು.

ಕೊನೆಯ ಹಂತ ಲೀ ಆಯೋಗದ್ದು. ಲಾರ್ಡ್ ಲೀ ಅಧ್ಯಕ್ಷತೆಯ ರಾಯಲ್ ಕಮಿಷನ್ 1924ರಲ್ಲಿ ಕೊಟ್ಟ ವರದಿಯಂತೆ ಏಷ್ಯಾದವರಲ್ಲದ ಹಿರಿಯ ಅಧಿಕಾರಿಗಳಿಗೆ ಸೇವಾವಧಿಯಲ್ಲಿ ನಾಲ್ಕು ಬಾರಿ ಹೋಗಿಬರುವ ಹಡಗಿನ ಪ್ರಯಾಣ, ಹೆಂಡತಿಗೂ ಅಷ್ಟೇ, ಮಕ್ಕಳಿಗೂ ಒಂದು ಪಾಲು, ಎಲ್ಲ ಸರ್ಕಾರಿ ಖರ್ಚಿನಲ್ಲಿ ದೊರೆಯತೊಡಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಶಾಸನ ಸಭೆಯಲ್ಲಿ ಮೋತಿಲಾಲ್ ನೆಹರೂ ಮುಂತಾದವರು ವರದಿಯನ್ನು ಎದುರಿಸಿ ಸೋಲಿಸಿದರು. ಸಭೆ ಬೇಡವೆಂದರೂ ಶಿಫಾರಸುಗಳು ಜಾರಿಯಾದವು. 1919ರ ಕಾಯಿದೆಯ ಪ್ರಕಾರ ಈ ಅಧಿಕಾರಿಗಳ ವೇತನ ಸಭೆಯ ಮತಕ್ಕೆ ಒಳಪಡದ ಖರ್ಚಾಗಿತ್ತು. ಕಟ್ಟುವವನಿಗೆ ಬೇಡವೆನ್ನುವ ಹಕ್ಕೇ ಇಲ್ಲದ ಈ ಸವಲತ್ತನ್ನು ಪ್ರತಿಫಲವೆಂದು ಕರೆಯುವುದು ಭಾಷೆಗೆ ಮಾಡುವ ಅನ್ಯಾಯ. ಲೀ ವರದಿಗೆ ಒಂದು ವರ್ಷ ಮುಂಚೆ, 1923ರಲ್ಲಿ, ಶಿರಸಿಯ ತೋಟಿಗರು ತಮ್ಮ ಅಡಿಕೆಯನ್ನು ತಾವೇ ಮಾರಿಕೊಳ್ಳಲು ಸಹಕಾರಿ ಮಾರಾಟ ಸಂಘ ಕಟ್ಟಿಕೊಂಡರು. ಇಂದು ಟಿಎಸ್‌ಎಸ್ ಎಂದು ಹೆಸರಾಗಿರುವ ಆ ಸಂಘದ ಹಿಂದಿದ್ದವರಿಗೆ ಹೋಗಲು ಬೇರೆ ಊರಿರಲಿಲ್ಲ. ಧಾರಣೆ ಇಳಿದರೂ ಏರಿದರೂ ಇಲ್ಲಿಯೇ ಇರಬೇಕಾದವರು ಕಟ್ಟಿದ ಸಂಸ್ಥೆ ಅದು, ಆದ್ದರಿಂದಲೇ ಅದರಲ್ಲಿ ಅನುಭವ ತಲೆಮಾರಿನಿಂದ ತಲೆಮಾರಿಗೆ ಜಮೆಯಾಯಿತು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ತಾಲೂಕುಗಳ ರೈತರು ಕರನಿರಾಕರಣೆಗೆ ಇಳಿದು ಮನೆ, ಜಮೀನು, ದನಕರುಗಳ ಜಪ್ತಿಯನ್ನು ಎದುರಿಸಿದರು. ಅವರು ಕಟ್ಟಲೊಲ್ಲದ ತೀರ್ವೆಯ ಹಣ ಹರಿಯುತ್ತಿದ್ದ ಬೊಕ್ಕಸದಿಂದಲೇ ಹಡಗಿನ ಟಿಕೆಟ್ಟುಗಳಿಗೂ ಹಣ ಹೋಗುತ್ತಿತ್ತು.

ಪ್ರತಿವಾದಿಗಳು ಮುಂದಿಡುವ ಹೆಸರುಗಳಿವೆ, ಅವನ್ನು ಕಡೆಗಣಿಸಬಾರದು. ಸಿವಿಲ್ ಸರ್ವಿಸಿನ ಜಾನ್ ಫೇತ್‌ಫುಲ್ ಫ್ಲೀಟ್ ಕನ್ನಡ ಶಾಸನಗಳನ್ನು ಓದಿ 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಪ್ರಕಟಿಸಿದರು. ಶಿರಸಿ ತಾಲೂಕಿನ ಬನವಾಸಿಯ ಕದಂಬರಿಗೆ ಅದರಲ್ಲಿ ಸ್ಥಾನವಿದೆ. ಅರಣ್ಯಾಧಿಕಾರಿ ಟಾಲ್ಬಟ್ ಮುಂಬೈ ಪ್ರಾಂತದ ಗಿಡಮರಗಳ ಮೇಲೆ ದೊಡ್ಡ ಗ್ರಂಥ ಬರೆದರು. ಇವರ ಸಾಧನೆ ನಿಜವಾದದ್ದು. ಈ ಸಾಧನೆ ರಜಾ ವ್ಯವಸ್ಥೆಯ ಫಲವೇ ಎಂಬುದು ಪ್ರಶ್ನೆ. ಕೆನರಾದ ಹಕ್ಕಿ, ಹುಳುಗಳ ಬಗ್ಗೆ ಪ್ರೀತಿಯಿಂದ ಬರೆದ ಇ.ಎಚ್. ಐಟ್ಕೆನ್ ಸತಾರಾದಲ್ಲಿ ಹುಟ್ಟಿದವರು, ಸುಂಕ ಮತ್ತು ಉಪ್ಪಿನ ಇಲಾಖೆಯವರು, ಸಿವಿಲ್ ಸರ್ವಿಸಿನ ಫರ್ಲೋ ಲೋಕದ ಹೊರಗಿನವರು. ಚಿಟ್ಟೆಗಳ ಜೀವನಚಕ್ರವನ್ನು ಮೊಟ್ಟೆಯಿಂದ ರೆಕ್ಕೆಯ ತನಕ ದಾಖಲಿಸಿದ ಟಿ.ಆರ್. ಬೆಲ್ ಐರ್ಲೆಂಡಿನಲ್ಲಿ ಹುಟ್ಟಿ 1884ರಲ್ಲಿ ಅರಣ್ಯ ಇಲಾಖೆಗೆ ಬಂದವರು. 1920ರಲ್ಲಿ ನಿವೃತ್ತರಾದಾಗ ಹಡಗು ಹತ್ತದೆ ಕಾರವಾರದಲ್ಲಿಯೇ ಮನೆಮಾಡಿ 1948ರಲ್ಲಿ ಅಲ್ಲಿಯೇ ತೀರಿಕೊಂಡರು. ಕಂಬಳಿಹುಳ ಯಾವ ಎಲೆ ತಿನ್ನುತ್ತದೆ ಎಂದು ತಿಳಿಯಬೇಕಾದರೆ ಮಳೆಗಾಲದಲ್ಲಿ ಗಿಡದ ಹತ್ತಿರ ಇರಬೇಕು. ಬೆಲ್ ಇದ್ದರು. ವ್ಯವಸ್ಥೆ ಅವರಿಗೆ ಕೊಟ್ಟ ಮರಳುವ ಹಕ್ಕನ್ನು ಬಿಟ್ಟುಕೊಟ್ಟದ್ದರಿಂದ ಅವರು ಕೆನರಾದವರಾದರು. ಒಳ್ಳೆಯ ಉದಾಹರಣೆಗಳೆಲ್ಲ ನಿಯಮವನ್ನು ಮೀರಿದವರವು.

ಇಂದಿನ ಅಧಿಕಾರಿಗಳೂ ಸಿದ್ದಾಪುರ, ಯಲ್ಲಾಪುರಗಳಲ್ಲಿ ನಿಲ್ಲುವುದಿಲ್ಲವಲ್ಲ ಎಂಬ ಮಾತೂ ಬರುತ್ತದೆ. ಅದು ಹಳೆಯ ವ್ಯವಸ್ಥೆಯ ಸಮರ್ಥನೆಯಾಗದು, ಅದರ ಮುಂದುವರಿಕೆ. ಮಲೆನಾಡಿನ ನೇಮಕ ಎಂದರೆ ಬೇಗ ಕಳಚಿಕೊಳ್ಳಬೇಕಾದ ಶಿಕ್ಷೆ ಎಂಬ ಭಾವನೆಯನ್ನು ಸರ್ಕಾರಿ ಸೇವೆಯಲ್ಲಿ ಬಿತ್ತಿದ್ದು, ಹೊರಟುಹೋಗುವುದನ್ನೇ ಗೌರವದ ಗುರುತಾಗಿಸಿದ ಆ ನಿಯಮಗಳು.

1947ರಲ್ಲಿ ಬ್ರಿಟಿಷ್ ಅಧಿಕಾರಿಗಳು ವೃತ್ತಿನಷ್ಟದ ಪರಿಹಾರ ಪಡೆದು ಹೊರಟರು. 1956ರಲ್ಲಿ ಕೇಂದ್ರ ಸರ್ಕಾರ ತನ್ನ ನೌಕರರಿಗೆ ಸ್ವಂತ ಊರಿಗೆ ಹೋಗಿಬರುವ ರಜಾ ಪ್ರಯಾಣ ರಿಯಾಯಿತಿ ತಂದಾಗ ಹುಟ್ಟಿದ ನೆಲೆಯ ಆಧಾರದ ಹಳೆಯ ಭೇದ ಮುಗಿಯಿತು. ಮೂರು ತಾಲೂಕುಗಳ ಬೆಟ್ಟದ ಪ್ರಶ್ನೆ ಮುಗಿಯಲಿಲ್ಲ. ತೋಟಕ್ಕೆ ಹೊಂದಿಕೊಂಡ ಬೆಟ್ಟದ ಮೇಲೆ ರೈತನಿಗಿರುವುದು ಹಕ್ಕೋ ಸವಲತ್ತೋ ಎಂಬುದನ್ನು ಒಬ್ಬ ಅಧಿಕಾರಿ ಅರ್ಧ ಬರೆದು ಹಡಗು ಹತ್ತಿದ, ಮುಂದಿನವನು ಮೊದಲಿನಿಂದ ಓದಲು ಕುಳಿತ. ಪಹಣಿಯಲ್ಲಿ ಆ ಬೆಟ್ಟಗಳು ಬ ಖರಾಬು, ಅಂದರೆ ಸಾರ್ವಜನಿಕ ಉಪಯೋಗಕ್ಕೆ ಕಾದಿಟ್ಟ ನೆಲ, ಎಂದು ದಾಖಲಾದದ್ದರ ವಿರುದ್ಧ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟಿಗರು ಈ ಶತಮಾನದಲ್ಲೂ ಕಚೇರಿಗಳಿಗೆ ಅಲೆದಿದ್ದಾರೆ, ಮಳೆಗಾಲದಲ್ಲಿ ಸೊಪ್ಪಿಗೆ ಅದೇ ಬೆಟ್ಟ ಹತ್ತುತ್ತಿದ್ದಾರೆ.